ನೆರವಿನ ಎಸೆತಗಾರ ಹಾಯ್ಟ್ ವಿಲ್ಹೆಲ್ಮ್

ಅಮೆರಿಕದ ಬೇಸ್‌ಬಾಲ್ ಮೈದಾನಗಳಲ್ಲಿ, ಆಟ ನಡೆಯುವ ಜಾಗದಿಂದ ದೂರವಾಗಿ, ಬೇಲಿಯ ಬದಿಯಲ್ಲಿ ಒಂದು ಆವರಣವಿರುತ್ತದೆ. ಅದಕ್ಕೆ ಅಲ್ಲಿನವರು ಇಟ್ಟಿರುವ ಹೆಸರು ‘ಬುಲ್‌ಪೆನ್’. ನಮ್ಮ ಮಾತಿನಲ್ಲಿ ಹೇಳುವುದಾದರೆ ಗೂಳಿದೊಡ್ಡಿ. ಆ ದೊಡ್ಡಿಯಲ್ಲಿ ಗೂಳಿಗಳಿರುವುದಿಲ್ಲ. ಒಂದು ಉದ್ದನೆಯ ಬೆಂಚು, ಅದರ ಮೇಲೆ ಕೈಕಟ್ಟಿ ಕುಳಿತ ಕೆಲವು ಮಂದಿ ಆಟಗಾರರು, ಇಷ್ಟೇ. ಇವರು ಆಟ ಆರಂಭವಾದಾಗ ಕಣಕ್ಕಿಳಿಯುವವರಲ್ಲ. ಮೊದಲು ಎಸೆಯಲು ನಿಂತವನ ಕೈ ಸೋತಾಗ, ಗೆಲ್ಲಬೇಕಾದ ಆಟ ಕೈಜಾರುವಂತೆ ಕಂಡಾಗ, ಇವರಲ್ಲೊಬ್ಬನಿಗೆ ಕರೆ ಬರುತ್ತದೆ. ಕರೆ ಬಾರದಿದ್ದರೆ ಕುಳಿತವನು ಕುಳಿತಂತೆಯೇ ಎದ್ದು ಮನೆಗೆ ಹೋಗುತ್ತಾನೆ.

ಇಂಥ ದೊಡ್ಡಿಯಿಂದ 1018 ಸಲ ಎದ್ದು ಬಂದು ಚೆಂಡನ್ನು ಕೈಗೆ ತೆಗೆದುಕೊಂಡವನೊಬ್ಬನಿದ್ದ. ಅವನ ಹೆಸರು ಹಾಯ್ಟ್ ವಿಲ್ಹೆಲ್ಮ್. ನಮ್ಮ ಮನೆಗಳ ರೇಡಿಯೋ ಪೆಟ್ಟಿಗೆಗಳಲ್ಲಿ ಕ್ರಿಕೆಟ್ಟಿನ ವಿವರಣೆ ಕೇಳಿದಷ್ಟು ನಾವು ಬೇಸ್‌ಬಾಲಿನ ಸುದ್ದಿ ಕೇಳಿದವರಲ್ಲ. ಆದರೂ ಈ ಮನುಷ್ಯನ ಬಾಳನ್ನು ಓದುಗರ ಮುಂದಿಡಲು ಒಂದು ಕಾರಣವಿದೆ. ನಮ್ಮ ಶಾಸನಗಳಲ್ಲಿ ದಾನ ಕೊಟ್ಟ ಅರಸನ ಹೆಸರು ಇರುತ್ತದೆ; ಎಷ್ಟೋ ಕಡೆ ಅಕ್ಷರ ಕೊರೆದ ರೂವಾರಿಯ ಹೆಸರೂ ಇರುತ್ತದೆ; ಆ ಕಲ್ಲನ್ನು ಹೊತ್ತು ತಂದವನ ಹೆಸರನ್ನು ಹುಡುಕಬೇಕು. ಚರಿತ್ರೆ ಯಾರನ್ನು ಎಣಿಸುತ್ತದೆ, ಯಾರನ್ನು ಬಿಡುತ್ತದೆ ಎಂಬ ಪ್ರಶ್ನೆ ಶಾಸನಕ್ಕೂ ಉಂಟು, ಆಟದ ಲೆಕ್ಕದ ಪುಸ್ತಕಕ್ಕೂ ಉಂಟು. ವಿಲ್ಹೆಲ್ಮನ ಕಥೆ ಆ ಪ್ರಶ್ನೆಗೆ ಒಳ್ಳೆಯ ಉದಾಹರಣೆ.

ಮೊದಲು ಆಟದ ರೀತಿಯನ್ನು ಎರಡು ಮಾತಿನಲ್ಲಿ ತಿಳಿದುಕೊಳ್ಳೋಣ. ಕ್ರಿಕೆಟ್ಟಿನಲ್ಲಿ ಬೋಲರ್ ಇರುವಂತೆ ಬೇಸ್‌ಬಾಲಿನಲ್ಲಿ ‘ಪಿಚರ್’, ಎಂದರೆ ಎಸೆತಗಾರ, ಇರುತ್ತಾನೆ. ಅವನು 60 ಅಡಿ 6 ಅಂಗುಲ ದೂರದಿಂದ, ಚೆಂಡು ನೆಲ ಮುಟ್ಟದಂತೆ, ದಾಂಡಿಗನ ಕಡೆಗೆ ಎಸೆಯುತ್ತಾನೆ. ದಾಂಡಿಗನ ಹಿಂದೆ ವಿಕೆಟ್ ಕೀಪರನಂತೆ ಕುಕ್ಕರಗಾಲಿನಲ್ಲಿ ಕುಳಿತು ದಪ್ಪ ಚರ್ಮದ ಗವಸಿನಲ್ಲಿ ಚೆಂಡನ್ನು ಹಿಡಿಯುವವನು ‘ಕ್ಯಾಚರ್’. ಒಂದು ಆಟಕ್ಕೆ 9 ಇನಿಂಗ್ಸ್. ಪ್ರತಿ ಇನಿಂಗ್ಸಿನಲ್ಲಿ ಒಂದೊಂದು ಪಕ್ಷದ ಮೂವರು ಔಟಾಗುವವರೆಗೆ ಆಟ. ಇಲ್ಲೊಂದು ದೊಡ್ಡ ವ್ಯತ್ಯಾಸವನ್ನು ಗಮನಿಸಬೇಕು. ಕ್ರಿಕೆಟ್ಟಿನಲ್ಲಿ ಬೋಲರುಗಳು ಓವರಿಗೊಬ್ಬರಂತೆ ಬದಲಾಗುತ್ತಾರೆ. ಬೇಸ್‌ಬಾಲಿನಲ್ಲಿ ಒಬ್ಬನೇ ಎಸೆಯುತ್ತ ಹೋಗುತ್ತಾನೆ. ಅವನನ್ನು ತೆಗೆದು ಇನ್ನೊಬ್ಬನನ್ನು ತಂದರೆ, ಮೊದಲಿನವನು ಆ ದಿನದ ಆಟಕ್ಕೆ ಮತ್ತೆ ಬರುವಂತಿಲ್ಲ. ಹೀಗೆ ನಡುವೆ ಬರುವ ಎರಡನೆಯವನೇ ‘ರಿಲೀಫ್ ಪಿಚರ್’, ನೆರವಿನ ಎಸೆತಗಾರ.

ಆಟದ ಹಿಂದಿನ ಕಾಲದಲ್ಲಿ ಈ ನೆರವಿಗೆ ಎಡೆಯೇ ಇರಲಿಲ್ಲ. ಗಾಯಗೊಂಡವನ ಬದಲಿಗಲ್ಲದೆ ಬೇರೆ ಕಾರಣಕ್ಕೆ ಹೊಸ ಆಟಗಾರನನ್ನು ತರಲು ನಿಯಮ ಬಿಡುತ್ತಿರಲಿಲ್ಲ. 1891ರ ಹೊತ್ತಿಗೆ ಆ ಕಟ್ಟು ಸಡಿಲವಾಯಿತು. ಆದರೆ ನಿಯಮ ಬದಲಾದಷ್ಟು ಬೇಗ ಮನಸ್ಸು ಬದಲಾಗುವುದಿಲ್ಲ. ಆರಂಭಿಸಿದವನೇ ಮುಗಿಸಬೇಕು, ಅದೇ ಗಂಡಸುತನ ಎಂಬ ಭಾವನೆ ಬಲವಾಗಿತ್ತು. ಆ ತಲೆಮಾರಿನ ಮಹಾಪುರುಷ ಸೈ ಯಂಗ್ ತಾನು ಆರಂಭಿಸಿದ ಆಟಗಳಲ್ಲಿ 749ನ್ನು ತಾನೇ ಮುಗಿಸಿದವನು. ಆದ್ದರಿಂದ ದೊಡ್ಡಿಯಲ್ಲಿ ಕುಳಿತವರೆಂದರೆ ಆರಂಭಿಸಲು ಯೋಗ್ಯತೆ ಸಾಲದವರು, ವಯಸ್ಸು ಮೀರಿದವರು, ಇನ್ನೂ ಪಳಗದ ಎಳೆಯರು ಎಂದೇ ಎಲ್ಲರ ಎಣಿಕೆ. 1920ರ ದಶಕದಲ್ಲಿ ವಾಷಿಂಗ್ಟನ್ ತಂಡದ ಫರ್ಪೊ ಮಾರ್ಬೆರಿ ನೆರವಿನ ಕೆಲಸದಲ್ಲಿಯೇ ಹೆಸರು ಪಡೆದ. 1950ರಲ್ಲಿ ಫಿಲಡೆಲ್ಫಿಯಾ ತಂಡದ ಜಿಮ್ ಕಾನ್‌ಸ್ಟಾಂಟಿ ಎಂಬವನು 74 ಆಟಗಳಲ್ಲಿ ನೆರವಾಗಿ ಬಂದು, ತನ್ನ ಲೀಗಿನ ಅತ್ಯಂತ ಬೆಲೆಯುಳ್ಳ ಆಟಗಾರನೆಂಬ ಮನ್ನಣೆಯನ್ನೂ ಪಡೆದ. ಇವೆಲ್ಲ ಅಪವಾದಗಳು. ದೊಡ್ಡಿಯ ಬೆಂಚು ಕೆಳಜಾತಿಯ ಬೆಂಚಾಗಿಯೇ ಉಳಿದಿತ್ತು.

ಹಾಯ್ಟ್ ವಿಲ್ಹೆಲ್ಮ್ ಹುಟ್ಟಿದ್ದು 1922ರ ಜುಲೈ 26ರಂದು, ನಾರ್ತ್ ಕೆರೊಲಿನಾ ರಾಜ್ಯದ ಹಂಟರ್ಸ್‌ವಿಲ್ ಎಂಬಲ್ಲಿ. ತಂದೆ ತಾಯಿ ಗೇಣಿ ಒಕ್ಕಲು. ಪರರ ಹೊಲವನ್ನು ಉತ್ತು ಬದುಕಿದವರು. ಮನೆಯಲ್ಲಿ 11 ಮಕ್ಕಳು. ಹುಡುಗನಿಗೆ ಹೈಸ್ಕೂಲಿನಲ್ಲಿ ಬೇಸ್‌ಬಾಲಿನ ಹುಚ್ಚು ಹತ್ತಿತು. ಆದರೆ ಒಂದು ಕೊರತೆ. ಚೆಂಡನ್ನು ವೇಗವಾಗಿ ಎಸೆಯುವ ಬಲ ಅವನ ತೋಳಿಗಿರಲಿಲ್ಲ. ವೇಗವಿಲ್ಲದ ಎಸೆತಗಾರನೆಂದರೆ ಕಂಠವಿಲ್ಲದ ಹಾಡುಗಾರನಂತೆ. ಆ ಸಮಯದಲ್ಲಿ ವೃತ್ತಪತ್ರಿಕೆಯೊಂದರಲ್ಲಿ ಡಚ್ ಲೆನರ್ಡ್ ಎಂಬ ಎಸೆತಗಾರನ ಸುದ್ದಿ ಬಂದಿತ್ತು. ಅವನೊಂದು ವಿಚಿತ್ರವಾದ ನಿಧಾನದ ಚೆಂಡನ್ನು ಎಸೆಯುತ್ತಿದ್ದ. ಅದನ್ನು ಹೇಗೆ ಹಿಡಿಯಬೇಕೆಂಬುದರ ಚಿತ್ರವೂ ಪತ್ರಿಕೆಯಲ್ಲಿತ್ತು. ಹುಡುಗ ಒಂದು ಟೆನಿಸ್ ಚೆಂಡನ್ನು ತೆಗೆದುಕೊಂಡು ಆ ಚಿತ್ರದಂತೆ ಹಿಡಿದು ಎಸೆಯತೊಡಗಿದ. ಗುರು ಎದುರಿಗಿರಲಿಲ್ಲ; ಕಾಗದದ ಮೇಲಿನ ಚಿತ್ರವೇ ಗುರುವಾಯಿತು. ಏಕಲವ್ಯನನ್ನು ಬಲ್ಲ ನಮಗೆ ಇದು ಹೊಸದಲ್ಲ.

ಆ ಚೆಂಡಿನ ಹೆಸರು ‘ನಕಲ್ ಬಾಲ್’, ಗೆಣ್ಣು ಚೆಂಡು. ಹೆಸರಿಗೂ ವಸ್ತುವಿಗೂ ಇಲ್ಲಿ ಹೊಂದಿಕೆಯಿಲ್ಲ. 20ನೆಯ ಶತಮಾನದ ಆದಿಯಲ್ಲಿ ಕೆಲವರು ಬೆರಳ ಗೆಣ್ಣುಗಳನ್ನೇ ಚೆಂಡಿಗೆ ಒತ್ತಿ ಎಸೆಯುತ್ತಿದ್ದುದರಿಂದ ಆ ಹೆಸರು ಬಂತು. ಆಮೇಲಿನವರು ಬೆರಳ ತುದಿಗಳಿಂದ, ಉಗುರುಗಳ ಅಂಚಿನಿಂದ ಹಿಡಿದರು. ಹೆಸರು ಮಾತ್ರ ಹಾಗೆಯೇ ನಿಂತಿತು.

ಇದರ ಗುಟ್ಟೇನು? ಸಾಮಾನ್ಯವಾಗಿ ಎಸೆತಗಾರ ಬೆರಳಿನಿಂದ ಚೆಂಡನ್ನು ಉರುಟಿಸಿ ಬಿಡುತ್ತಾನೆ. ಗಿರ್ರೆಂದು ತಿರುಗುವ ಚೆಂಡು ತನ್ನ ತಿರುಗುವಿಕೆಗೆ ತಕ್ಕಂತೆ ಒಂದೇ ನೇರದಲ್ಲಿ ಬಾಗುತ್ತದೆ. ಪಳಗಿದ ಕಣ್ಣು ಅದನ್ನು ಗುರುತಿಸಬಲ್ಲದು. ಗೆಣ್ಣು ಚೆಂಡಿನ ಎಸೆತಗಾರನಾದರೋ ಚೆಂಡನ್ನು ತಿರುಗಿಸದೆ ತಳ್ಳುತ್ತಾನೆ. ದಾಂಡಿಗನನ್ನು ಮುಟ್ಟುವವರೆಗೆ ಅದು ಒಂದೆರಡು ಸುತ್ತಿಗಿಂತ ಹೆಚ್ಚು ತಿರುಗದು. ಬೇಸ್‌ಬಾಲ್ ಚೆಂಡಿನ ಮೈಮೇಲೆ ಕೆಂಪು ದಾರದ 216 ಹೊಲಿಗೆಗಳು ಎದ್ದು ನಿಂತಿರುತ್ತವೆ. ತಿರುಗದೆ ಹೋಗುವ ಚೆಂಡಿನ ಒಂದು ಬದಿಯಲ್ಲಿ ಹೊಲಿಗೆ ಗಾಳಿಗೆ ಅಡ್ಡವಾಗಿ ನಿಲ್ಲುತ್ತದೆ, ಇನ್ನೊಂದು ಬದಿಯಲ್ಲಿ ನುಣುಪಾದ ಚರ್ಮ. ಗಾಳಿ ಎರಡೂ ಬದಿಯಲ್ಲಿ ಒಂದೇ ಸಮನಾಗಿ ಹರಿಯದೆ ಚೆಂಡನ್ನು ಪಕ್ಕಕ್ಕೆ ದೂಡುತ್ತದೆ. ಚೆಂಡು ಸ್ವಲ್ಪ ಹೊರಳಿತೋ, ಹೊಲಿಗೆಯ ಜಾಗ ಬದಲಾಗಿ ದೂಡುವ ದಿಕ್ಕೂ ಬದಲಾಗುತ್ತದೆ. ಹೀಗೆ ಅದು ಹೂವಿನಿಂದ ಹೂವಿಗೆ ಹಾರುವ ಚಿಟ್ಟೆಯಂತೆ ಹೊಯ್ದಾಡುತ್ತ ಬರುತ್ತದೆ. ಎಲ್ಲಿ ಬೀಳುವುದೆಂದು ದಾಂಡಿಗನಿಗೆ ತಿಳಿಯದು, ಹಿಡಿಯುವವನಿಗೆ ತಿಳಿಯದು, ಎಸೆದವನಿಗೂ ತಿಳಿಯದು! ವೇಗದ ಎಸೆತಗಾರ ಗಂಟೆಗೆ 90 ಮೈಲಿಯ ವೇಗದಲ್ಲಿ ಎಸೆದರೆ, ಇವನ ಚೆಂಡು 60, 70 ಮೈಲಿಯಷ್ಟರಲ್ಲಿ ತೇಲಿಬರುತ್ತದೆ. ತೋಳಿಗೆ ಆಯಾಸ ಕಡಮೆ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಕೆಲಸಕ್ಕೆ ಬರುತ್ತದೆ.

1942ರಲ್ಲಿ ಅವನು ತನ್ನ ಊರಿನ ಹತ್ತಿರದ ಮೂರ್ಸ್‌ವಿಲ್ ಎಂಬ ಸಣ್ಣ ಪಟ್ಟಣದ ತಂಡವನ್ನು ಸೇರಿದ. ಅಷ್ಟರಲ್ಲಿ ಮಹಾಯುದ್ಧದ ಕರೆ ಬಂತು. ಸೈನ್ಯದಲ್ಲಿ ಮೂರು ವರ್ಷ. 1944ರ ಡಿಸೆಂಬರಿನಲ್ಲಿ ಜರ್ಮನರು ಆರ್ಡೆನ್ಸ್ ಕಾಡಿನ ಮೂಲಕ ನಡೆಸಿದ ಕೊನೆಯ ದೊಡ್ಡ ದಾಳಿಯನ್ನು ಚರಿತ್ರೆಯಲ್ಲಿ ‘ಬಲ್ಜ್ ಕದನ’ ಎನ್ನುತ್ತಾರೆ. ಆ ಹಿಮದ ಕಾಳಗದಲ್ಲಿ ವಿಲ್ಹೆಲ್ಮನ ಬೆನ್ನಿಗೂ ಕೈಗೂ ಸಿಡಿಗುಂಡಿನ ಚೂರುಗಳು ತಗುಲಿದವು. ಗಾಯಾಳು ಯೋಧರಿಗೆ ಕೊಡುವ ‘ಪರ್ಪಲ್ ಹಾರ್ಟ್’ ಪದಕ ದೊರೆಯಿತು. ಮುಂದೆ ಆಡಿದ ಅಷ್ಟೂ ವರ್ಷ ಲೋಹದ ಚೂರು ಅವನ ಬೆನ್ನಿನಲ್ಲಿಯೇ ಇತ್ತು.

ಯುದ್ಧ ಮುಗಿಸಿ 1946ರಲ್ಲಿ ಮತ್ತೆ ಅದೇ ಮೂರ್ಸ್‌ವಿಲ್ಲಿಗೆ ಬಂದ. ಅಲ್ಲಿಂದ ನ್ಯೂಯಾರ್ಕ್ ಜಯಂಟ್ಸ್ ಎಂಬ ದೊಡ್ಡ ತಂಡದವರು ನಡೆಸುತ್ತಿದ್ದ ಕಿರಿಯ ತಂಡಗಳಿಗೆ ಹೋದ. ಊರಿಂದೂರಿಗೆ ಬಸ್ಸಿನ ಪ್ರಯಾಣ, ಸಣ್ಣ ಸಂಬಳ. ಆಟ ಗೆಲ್ಲುತ್ತಿದ್ದರೂ ಮೇಲಿನಿಂದ ಕರೆ ಬರಲಿಲ್ಲ. ಇಷ್ಟು ನಿಧಾನದ ಚೆಂಡು ದೊಡ್ಡವರ ಆಟದಲ್ಲಿ ನಡೆದೀತೆ ಎಂಬ ಸಂಶಯ ಅದನ್ನು ನೋಡಿದವರಿಗೆಲ್ಲ. ಎಷ್ಟೋ ಆಟಗಾರರು ನಿವೃತ್ತಿಯ ಯೋಚನೆ ಮಾಡುವ ವಯಸ್ಸು ಹತ್ತಿರವಾಗುತ್ತಿತ್ತು.

ಕಡೆಗೆ 1952ರಲ್ಲಿ ಜಯಂಟ್ಸ್ ತಂಡದಲ್ಲಿ ಅವನಿಗೆ ಸ್ಥಾನ ಸಿಕ್ಕಿತು. ಆಗ ವಯಸ್ಸು 29. ಆಟದ ಪುಸ್ತಕಗಳಲ್ಲಿ ಅವನ ಹುಟ್ಟಿದ ವರ್ಷ 1923 ಎಂದೇ ಅಚ್ಚಾಗಿತ್ತು; ಒಂದು ವರ್ಷ ಕಡಮೆ ಕಂಡರೆ ಆಟಗಾರನಿಗೆ ಒಂದು ವರ್ಷ ಹೆಚ್ಚು ಆಯುಷ್ಯ. ಏಪ್ರಿಲ್ 23ರಂದು ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್‌ನಲ್ಲಿ ಅವನು ಮೊದಲ ಸಲ ದಾಂಡು ಹಿಡಿದು ನಿಂತ. ಚೆಂಡು ಬೇಲಿಯ ಆಚೆಗೆ ಹೋಯಿತು, ಹೋಮ್ ರನ್! ಮುಂದೆ 20 ವರ್ಷ ಅವನು ದಾಂಡು ಹಿಡಿದದ್ದುಂಟು, ಒಟ್ಟು ಲೆಕ್ಕ 432 ಸಲ. ಇನ್ನೊಂದು ಹೋಮ್ ರನ್ ಅವನಿಂದ ಆಗಲೇ ಇಲ್ಲ. ವಿಧಿಗೆ ಹಾಸ್ಯ ಪ್ರಜ್ಞೆಯಿಲ್ಲವೆಂದು ಹೇಳುವವರಾರು?

ತಂಡದ ಮೇಲ್ವಿಚಾರಕನಾಗಿದ್ದ ಲಿಯೊ ಡುರೋಷರ್ ಅವನನ್ನು ನೆರವಿನ ಕೆಲಸಕ್ಕೇ ನಿಲ್ಲಿಸಿದ. ವೇಗದ ಚೆಂಡಿಗೆ ಹೊಂದಿಕೊಂಡ ದಾಂಡಿಗರ ಮುಂದೆ ಈ ಚಿಟ್ಟೆ ಹಾರಿಬಂದಾಗ ಅವರ ಕೈಕಾಲು ತಡವರಿಸುತ್ತಿದ್ದವು. ಆ ವರ್ಷ 71 ಆಟಗಳಲ್ಲಿ ವಿಲ್ಹೆಲ್ಮ್ ಎಸೆದ. ಒಂದನ್ನೂ ಅವನು ಆರಂಭಿಸಲಿಲ್ಲ. 15 ಗೆಲುವು, 3 ಸೋಲು. 9 ಇನಿಂಗ್ಸಿಗೆ ಸರಾಸರಿ ಎಷ್ಟು ಓಟಗಳನ್ನು ಎಸೆತಗಾರ ಬಿಟ್ಟುಕೊಡುತ್ತಾನೆ ಎಂಬುದೇ ಅವನ ಯೋಗ್ಯತೆಯ ಅಳತೆ, ವಿಲ್ಹೆಲ್ಮನದು 2.43. ನ್ಯಾಷನಲ್ ಲೀಗಿನಲ್ಲಿ ಅವನದೇ ಎಲ್ಲರಿಗಿಂತ ಕಡಮೆ. ಆ ಪಟ್ಟಕ್ಕೆ ಕನಿಷ್ಠ 154 ಇನಿಂಗ್ಸ್ ಎಸೆದಿರಬೇಕಾಗಿತ್ತು; ಅವನು 159ನ್ನು ಮೀರಿದ್ದ. ತುಂಡು ತುಂಡಾಗಿ, ದಿನಕ್ಕೆ ಎರಡು ಮೂರು ಇನಿಂಗ್ಸಿನಂತೆ ಕೂಡಿಸಿಟ್ಟ ಗಂಟು ಅದು. ಹೊಸಬನೊಬ್ಬ, ಅದರಲ್ಲಿಯೂ ನೆರವಿನವನು, ಆರಂಭಿಸುವ ಘಟಾನುಘಟಿಗಳನ್ನೆಲ್ಲ ಹಿಂದಿಟ್ಟುದನ್ನು ಕಂಡು ಜನ ಬೆರಗಾದರು.

ಆ ವರ್ಷದ ಅತ್ಯುತ್ತಮ ಹೊಸಬನೆಂಬ ಪ್ರಶಸ್ತಿಯಲ್ಲಿ ಮಾತ್ರ ವಿಲ್ಹೆಲ್ಮನಿಗೆ ಎರಡನೆಯ ಸ್ಥಾನ. ಮೊದಲನೆಯದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಜೋ ಬ್ಲ್ಯಾಕ್‌ನಿಗೆ ಹೋಯಿತು. ಅವನೂ ಹೆಚ್ಚಾಗಿ ನೆರವಿನ ಎಸೆತಗಾರನೇ. ಅವನಿಗೂ ವಯಸ್ಸು 28. ಇಬ್ಬರೂ ತಡವಾಗಿ ಬಂದವರು, ಆದರೆ ತಡೆದ ಕೈಗಳು ಬೇರೆ. ವಿಲ್ಹೆಲ್ಮನನ್ನು ತಡೆದುದು ಯುದ್ಧ ಮತ್ತು ಅವನ ಚೆಂಡಿನ ಮೇಲಿನ ಸಂಶಯ. ಬ್ಲ್ಯಾಕ್ ಕರಿಯ ಜನಾಂಗದವನು. 1947ರಲ್ಲಿ ಜಾಕಿ ರಾಬಿನ್ಸನ್ ಬಾಗಿಲು ತೆರೆಸುವವರೆಗೆ ಆ ಜನಾಂಗದವರಿಗೆ ದೊಡ್ಡ ಲೀಗುಗಳೊಳಗೆ ಪ್ರವೇಶವೇ ಇರಲಿಲ್ಲ. ಅವರು ತಮ್ಮದೇ ಪ್ರತ್ಯೇಕ ಲೀಗುಗಳಲ್ಲಿ ಆಡಬೇಕಾಗಿತ್ತು. ಅದೇ 1952ರ ಶರತ್ಕಾಲದಲ್ಲಿ ಬ್ಲ್ಯಾಕ್ ವರ್ಲ್ಡ್ ಸೀರೀಸಿನ ಆಟವೊಂದನ್ನು ಗೆದ್ದ ಮೊದಲ ಕರಿಯ ಎಸೆತಗಾರನಾದ. ಎಣಿಕೆಗೆ ಬಾರದವರ ಕಥೆ ಹೇಳುವಾಗ ಇವನ ಹೆಸರನ್ನು ಬಿಟ್ಟರೆ ನ್ಯಾಯವಾಗದು.

1954ರಲ್ಲಿ ಜಯಂಟ್ಸ್ ತಂಡ ವರ್ಲ್ಡ್ ಸೀರೀಸನ್ನೇ ಗೆದ್ದಿತು. ವಿಲ್ಹೆಲ್ಮನ ಪಾಲೂ ಅದರಲ್ಲಿತ್ತು. ಆದರೆ ಅದೇ ವರ್ಷ ಇನ್ನೊಂದು ಸಂಗತಿ ನಡೆಯಿತು. ಸೆಪ್ಟೆಂಬರ್ 10ರಂದು, ವಿಲ್ಹೆಲ್ಮ್ ಎಸೆಯುತ್ತಿದ್ದಾಗ, ಕ್ಯಾಚರ್ ರೇ ಕ್ಯಾಟ್‌ನ ಕೈತಪ್ಪಿ ಒಂದೇ ಇನಿಂಗ್ಸಿನಲ್ಲಿ ನಾಲ್ಕು ಸಲ ಚೆಂಡು ಹಿಂದಕ್ಕೆ ಹೋಯಿತು. ಲೆಕ್ಕದ ಪುಸ್ತಕದಲ್ಲಿ ಇದಕ್ಕೊಂದು ಅಂಕಣವಿದೆ, ‘ಪಾಸ್ಡ್ ಬಾಲ್’ ಎಂದು. ಹಿಡಿಯಬಹುದಾಗಿದ್ದ ಚೆಂಡನ್ನು ಕ್ಯಾಚರ್ ಹಿಡಿಯದೆ ಬಿಟ್ಟ ಎಂದು ಅದರ ಅರ್ಥ. ತಪ್ಪು ಬರೆಯುವುದು ಕ್ಯಾಚರನ ಹೆಸರಿನ ಮುಂದೆ. ಅದರಿಂದ ಎದುರು ಪಕ್ಷಕ್ಕೆ ಓಟ ಬಂದರೆ ಅದನ್ನು ಎಸೆತಗಾರನ ಸರಾಸರಿಗೆ ಸೇರಿಸುವುದಿಲ್ಲ. ಓದುಗರೇ, ಇದರ ಅನ್ಯಾಯವನ್ನು ಸ್ವಲ್ಪ ವಿಚಾರಿಸಿ ನೋಡಿ. ಎಸೆದವನಿಗೇ ಗೊತ್ತಿಲ್ಲದ ದಾರಿಯಲ್ಲಿ ಬರುವ ಚೆಂಡು, ಅದನ್ನು ಹಿಡಿಯಲಿಲ್ಲವೆಂದು ಹಿಡಿಯುವವನ ಮೇಲೆ ಆರೋಪ! ವಿಲ್ಹೆಲ್ಮನ ಸರಾಸರಿಯ ಬೆಳಕಿನಲ್ಲಿ ಅವನ ಕ್ಯಾಚರುಗಳು ಸುಟ್ಟ ಎಣ್ಣೆಯೂ ಸೇರಿದೆ. ಅವನನ್ನು ಹೊಗಳುವವರು ಇದನ್ನು ಮರೆಯಬಾರದು.

1957ರಿಂದ ಅವನ ಅಲೆದಾಟ ಶುರುವಾಯಿತು. ಜಯಂಟ್ಸ್‌ನವರು ಸೇಂಟ್ ಲೂಯಿ ತಂಡಕ್ಕೆ ಕೊಟ್ಟರು; ಅಲ್ಲಿಂದ ಅದೇ ವರ್ಷ ಕ್ಲೀವ್‌ಲೆಂಡಿಗೆ; 1958ರ ಆಗಸ್ಟಿನಲ್ಲಿ ಅವರೂ ಬೇಡವೆಂದಾಗ ಬಾಲ್ಟಿಮೋರ್ ತಂಡದವರು ಕರೆದುಕೊಂಡರು. ಅಲ್ಲಿ ಮೇಲ್ವಿಚಾರಕನಾಗಿದ್ದ ಪಾಲ್ ರಿಚರ್ಡ್ಸ್ ಬೇರೆಯವರು ಬಿಟ್ಟುಹಾಕಿದುದರಲ್ಲಿ ಬೆಲೆ ಕಾಣಬಲ್ಲವನು. ಅವನು ವಿಲ್ಹೆಲ್ಮನಿಗೆ ಆಟವನ್ನು ಆರಂಭಿಸುವ ಕೆಲಸವನ್ನೇ ಕೊಟ್ಟ.

ಸೆಪ್ಟೆಂಬರ್ 20ರಂದು ಬಾಲ್ಟಿಮೋರಿನಲ್ಲಿ ಎದುರು ಪಕ್ಷ ನ್ಯೂಯಾರ್ಕ್ ಯಾಂಕೀಸ್. ಆ ವರ್ಷದ ಲೀಗನ್ನು ಆಗಲೇ ಗೆದ್ದುಕೊಂಡಿದ್ದ ಬಲಶಾಲಿ ತಂಡ. ಆ ಕಡೆ ಎಸೆಯಲು ನಿಂತವನು ಡಾನ್ ಲಾರ್ಸೆನ್. 1956ರ ವರ್ಲ್ಡ್ ಸೀರೀಸಿನಲ್ಲಿ ಒಬ್ಬ ದಾಂಡಿಗನೂ ಬೇಸ್ ಮುಟ್ಟದಂತೆ ಎಸೆದು ಹೆಸರಾದವನು. ತುಂತುರು ಮಳೆಯ ದಿನ. ಇನಿಂಗ್ಸಿನ ಮೇಲೆ ಇನಿಂಗ್ಸ್ ಉರುಳಿತು, ಯಾರಿಗೂ ಓಟವಿಲ್ಲ. ಏಳನೆಯ ಇನಿಂಗ್ಸಿನಲ್ಲಿ ಬಾಲ್ಟಿಮೋರಿನ ಒಬ್ಬ ದಾಂಡಿಗ ಹೋಮ್ ರನ್ ಹೊಡೆದ. ಅವನು ಯಾರು ಗೊತ್ತೆ? ಗಸ್ ಟ್ರಯಾಂಡೋಸ್, ವಿಲ್ಹೆಲ್ಮನ ಚೆಂಡುಗಳನ್ನು ಹಿಡಿಯುತ್ತ ಕುಳಿತಿದ್ದ ಕ್ಯಾಚರನೇ! ಒಂಬತ್ತನೆಯ ಇನಿಂಗ್ಸಿನ ಕೊನೆಯಲ್ಲಿ ಹ್ಯಾಂಕ್ ಬಾವರ್ ಹೊಡೆದ ಚೆಂಡು ಮೇಲಕ್ಕೆ ಹಾರಿ ಬಿಲಿ ಗಾರ್ಡನರ್‌ನ ಕೈಗೆ ಬಿದ್ದಾಗ ಆಟ ಮುಗಿಯಿತು. 1-0. ಯಾಂಕೀಸ್ ತಂಡಕ್ಕೆ ಇಡೀ ಆಟದಲ್ಲಿ ಒಂದು ‘ಹಿಟ್’, ಎಂದರೆ ಬೇಸ್ ತಲಪಿಸುವ ಒಂದು ಸರಿಯಾದ ಹೊಡೆತವೂ ದೊರೆಯಲಿಲ್ಲ. ಎರಡು ತಂಡಗಳು ಬೇಡವೆಂದು ಅದೇ ಎರಡು ವರ್ಷಗಳಲ್ಲಿ ಬಿಟ್ಟುಕೊಟ್ಟ 36ರ ಮನುಷ್ಯ ಮಾಡಿದ ಕೆಲಸವಿದು. ಮರುವರ್ಷ, 1959ರಲ್ಲಿ, 2.19ರ ಸರಾಸರಿಯಿಂದ ಅಮೆರಿಕನ್ ಲೀಗಿನಲ್ಲಿಯೂ ಅವನೇ ಮೊದಲಿಗನಾದ. ಎರಡು ಲೀಗುಗಳಲ್ಲಿಯೂ ಆ ಪಟ್ಟವನ್ನು ಪಡೆದವರು ಅವನಿಗಿಂತ ಹಿಂದೆ ಯಾರೂ ಇರಲಿಲ್ಲ.

ಅದೇ 1959ರಲ್ಲಿ ಟ್ರಯಾಂಡೋಸ್‌ನ ಹೆಸರಿನ ಮುಂದೆ 28 ಪಾಸ್ಡ್ ಬಾಲ್‌ಗಳು ಬಿದ್ದವು. ಹಿಂದಿನ ವರ್ಷ ಗೆಲುವಿನ ಓಟ ತಂದುಕೊಟ್ಟವನ ಪಾಲಿಗೆ ಬಂದ ಕಾಣಿಕೆ ಇದು. ರಿಚರ್ಡ್ಸ್ ಇದಕ್ಕೊಂದು ಉಪಾಯ ಹೂಡಿದ. ಕ್ಯಾಚರನ ಕೈಗೆ ಮಾಮೂಲಿಗಿಂತ ಬಹು ದೊಡ್ಡದಾದ, 45 ಅಂಗುಲ ಸುತ್ತಳತೆಯ ಗವಸೊಂದನ್ನು ಹೊಲಿಸಿದ. ನೋಡಿದವರಿಗೆ ಅದು ಮೊರದ ಹಾಗೆ ಕಂಡಿರಬೇಕು. 1960ರ ಮೇ 27ರಂದು ಯಾಂಕೀಸ್ ತಂಡದ ಎದುರು ಕ್ಲಿಂಟ್ ಕೋರ್ಟ್ನಿ ಎಂಬ ಕ್ಯಾಚರ್ ಅದನ್ನು ತೊಟ್ಟು ಕುಳಿತ. ಅಂದು ವಿಲ್ಹೆಲ್ಮನ ಚೆಂಡು ಒಂದೂ ಹಿಂದೆ ಹೋಗಲಿಲ್ಲ, ಆಟವೂ ಗೆದ್ದಿತು. 1965ರಲ್ಲಿ ಆಟದ ಅಧಿಕಾರಿಗಳು ಗವಸಿನ ಸುತ್ತಳತೆ 38 ಅಂಗುಲ ಮೀರಬಾರದೆಂದು ವಿಧಿಸಿದರು. ಒಬ್ಬ ಎಸೆತಗಾರನ ಕೈಚಳಕದ ದೆಸೆಯಿಂದ ನಿಯಮದ ಪುಸ್ತಕಕ್ಕೆ ಒಂದು ಸಾಲು ಸೇರಿತು.

ಇಷ್ಟರಲ್ಲಿ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಬದಲಾವಣೆ ತಲೆಯೆತ್ತುತ್ತಿತ್ತು. ಅಂದಿನವರೆಗೆ ಎಸೆತಗಾರನಿಗೆ ಇದ್ದುದು ಎರಡೇ ಮುಖ್ಯ ಅಂಕಣಗಳು, ಗೆಲುವು ಮತ್ತು ಸೋಲು. ನೆರವಿಗೆ ಬಂದವನು ಒಂದು ಓಟದ ಮುನ್ನಡೆಯನ್ನು ಜೋಪಾನವಾಗಿ ಕಾದು ಆಟ ಮುಗಿಸಿದರೆ ಗೆಲುವು ಆರಂಭಿಸಿದವನ ಖಾತೆಗೆ. ಕಾದವನಿಗೆ ಏನೂ ಇಲ್ಲ. ಅದೇ ನೆರವಿನವನು ಮುನ್ನಡೆಯನ್ನು ಕಳೆದು, ಅನಂತರ ತನ್ನ ತಂಡದ ದಾಂಡಿಗರು ಮತ್ತೆ ಓಟ ಗಳಿಸಿಕೊಟ್ಟರೆ ಗೆಲುವು ಅವನ ಖಾತೆಗೆ! ಮನೆಯನ್ನು ಕಾದ ಕಾವಲುಗಾರನಿಗೆ ಕೂಲಿಯಿಲ್ಲ. ಕಳವಾಗಲು ಬಿಟ್ಟು ಆಮೇಲೆ ಮಾಲು ಸಿಕ್ಕಿದರೆ ಅವನಿಗೆ ಬಹುಮಾನ. 1959ರಲ್ಲಿ ಪಿಟ್ಸ್‌ಬರ್ಗ್ ತಂಡದ ಎಲ್‌ರಾಯ್ ಫೇಸ್ ಎಂಬ ನೆರವಿನ ಎಸೆತಗಾರ 18 ಗೆಲುವು, ಒಂದೇ ಸೋಲು ಪಡೆದು ಕೀರ್ತಿಶಾಲಿಯಾದ. ಆ ಗೆಲುವುಗಳಲ್ಲಿ ಕೆಲವು ಈ ಎರಡನೆಯ ಬಗೆಯವು ಎಂಬುದನ್ನು ಷಿಕಾಗೋ ನಗರದ ಜೆರೋಮ್ ಹೋಲ್ಟ್ಸ್‌ಮನ್ ಎಂಬ ಪತ್ರಕರ್ತ ಗಮನಿಸಿದ. ಮುನ್ನಡೆಯನ್ನು ಕಾದು ಮುಗಿಸಿದವನಿಗೆ ‘ಸೇವ್’ ಎಂಬ ಹೆಸರಿನಲ್ಲಿ ಅಂಕವೊಂದನ್ನು ಕೊಡಬೇಕೆಂದು ಅವನು ಲೆಕ್ಕ ಹಾಕಿ ತೋರಿಸಿದ. ಕನ್ನಡದಲ್ಲಿ ಅದನ್ನು ‘ರಕ್ಷಣೆ’ ಎನ್ನಬಹುದು. 1969ರಲ್ಲಿ ಅದು ಅಧಿಕೃತವಾಗಿ ಪುಸ್ತಕಕ್ಕೆ ಸೇರಿತು.

ಆ ವರ್ಷ ಬಂದಾಗ ವಿಲ್ಹೆಲ್ಮನಿಗೆ 46 ದಾಟಿ 47 ನಡೆಯುತ್ತಿತ್ತು. ಅವನ ದುಡಿಮೆಯ ಹೆಚ್ಚಿನ ಭಾಗ ಅಂಕಣವೇ ಇಲ್ಲದ ಕಾಲದಲ್ಲಿ ಮುಗಿದುಹೋಗಿತ್ತು. ಮುಂದೆ ಹಳೆಯ ಆಟಗಳ ಪಟ್ಟಿಗಳನ್ನು ತಿರುವಿಹಾಕಿ ಎಣಿಸಿದಾಗ ಅವನ ಪಾಲಿಗೆ 228 ರಕ್ಷಣೆಗಳು ಬಂದವು.

ಆದರೆ ನಾನು ಕಥೆಯಲ್ಲಿ ಮುಂದಕ್ಕೆ ಓಡಿಬಿಟ್ಟೆ. 1963ರಲ್ಲಿ ಅವನು ಷಿಕಾಗೋ ವೈಟ್ ಸಾಕ್ಸ್ ತಂಡಕ್ಕೆ ಬಂದು ಮತ್ತೆ ದೊಡ್ಡಿಯ ಬೆಂಚಿಗೆ ಹಿಂದಿರುಗಿದ್ದ. ಅಲ್ಲಿ ಕಳೆದ ಆರು ವರ್ಷಗಳೇ ಅವನ ಬಾಳಿನ ಸುಗ್ಗಿ. 1964ರಿಂದ 1968ರವರೆಗಿನ ಐದು ವರ್ಷಗಳ ಸರಾಸರಿಗಳನ್ನು ನೋಡಿ: 1.99, 1.81, 1.66, 1.31, 1.73. ಒಂದು ವರ್ಷವೂ 2ನ್ನು ಮುಟ್ಟಲಿಲ್ಲ. ವಯಸ್ಸು 42ರಿಂದ 46ಕ್ಕೆ ಏರುತ್ತಿದ್ದಾಗಿನ ಮಾತಿದು. ಅವನ ಜೊತೆಯ ವೇಗದ ಎಸೆತಗಾರರು ತೋಳು ಮುರಿದುಕೊಂಡು ಮನೆ ಸೇರಿದ್ದರು. ಬಾಲ್ಯದಲ್ಲಿ ಕೊರತೆಯಾಗಿದ್ದ ನಿಧಾನವೇ ಮುಪ್ಪಿನಲ್ಲಿ ಆಸ್ತಿಯಾಯಿತು. 1968ರ ಜುಲೈ 24ರಂದು ಅವನು ತನ್ನ 907ನೆಯ ಆಟದಲ್ಲಿ ಎಸೆದು, ಸೈ ಯಂಗ್‌ನ 906 ಆಟಗಳ ದಾಖಲೆಯನ್ನು ದಾಟಿದ. ಆರಂಭಿಸಿದ್ದರಲ್ಲಿ ಹೆಚ್ಚಿನದನ್ನು ತಾನೇ ಮುಗಿಸಿದ ಮಹಾಪುರುಷನನ್ನು, ಬೇರೆಯವರು ಆರಂಭಿಸಿದ್ದನ್ನು ಮುಗಿಸಿಕೊಟ್ಟವನು ಹಿಂದೆ ಹಾಕಿದ.

ಷಿಕಾಗೋದಲ್ಲಿ ಅವನು ಮಾಡಿದ ಇನ್ನೊಂದು ಕೆಲಸ ಅಧ್ಯಾಪಕನಾದ ನನಗೆ ಬಹಳ ಪ್ರಿಯವಾದುದು. 1967ರಲ್ಲಿ ವಿಲ್ಬರ್ ವುಡ್ ಎಂಬ ಎಸೆತಗಾರ ಆ ತಂಡಕ್ಕೆ ಬಂದ. ಬೇರೆ ಎರಡು ತಂಡಗಳಲ್ಲಿ ನೆಲೆ ನಿಲ್ಲದವನು. ಗೆಣ್ಣು ಚೆಂಡನ್ನು ಅವನೂ ಅಷ್ಟಿಷ್ಟು ಬಲ್ಲ. ಇದ್ದರೆ ಅದೊಂದನ್ನೇ ನಂಬು, ಮಿಕ್ಕ ಎಸೆತಗಳನ್ನು ಬಿಡು ಎಂದು ವಿಲ್ಹೆಲ್ಮ್ ಬುದ್ಧಿ ಹೇಳಿ ತಿದ್ದಿದ. ಮರುವರ್ಷವೇ ವುಡ್ 88 ಆಟಗಳಲ್ಲಿ ಎಸೆದು ಆ ಕಾಲಕ್ಕೆ ದಾಖಲೆ ಸ್ಥಾಪಿಸಿದ. ತನ್ನ ಸ್ಥಾನಕ್ಕೇ ಸ್ಪರ್ಧಿಯಾಗಬಹುದಾದವನಿಗೆ ತನ್ನ ವಿದ್ಯೆಯನ್ನು ಧಾರೆಯೆರೆಯುವುದು ಸಣ್ಣ ಮನಸ್ಸಿನವರಿಂದ ಆಗುವ ಕೆಲಸವಲ್ಲ. ತಾನು ಪತ್ರಿಕೆಯ ಚಿತ್ರದಿಂದ ಕಲಿತದ್ದನ್ನು ಇನ್ನೊಬ್ಬನಿಗೆ ಎದುರು ನಿಂತು ಕಲಿಸಿದ.

ಕೊನೆಯ ವರ್ಷಗಳು ಮತ್ತೆ ಅಲೆದಾಟ. ಕ್ಯಾಲಿಫೋರ್ನಿಯಾ, ಅಟ್ಲಾಂಟಾ, ಷಿಕಾಗೋದ ಇನ್ನೊಂದು ತಂಡವಾದ ಕಬ್ಸ್, ಮತ್ತೆ ಅಟ್ಲಾಂಟಾ, ಲಾಸ್ ಏಂಜಲಿಸ್. ಒಟ್ಟು 21 ವರ್ಷಗಳಲ್ಲಿ 9 ತಂಡಗಳು. 1970ರ ಮೇ 10ರಂದು ಅಟ್ಲಾಂಟಾ ತಂಡದ ಪರವಾಗಿ ಅವನು ತನ್ನ 1000ನೆಯ ಆಟದಲ್ಲಿ ಎಸೆದ. ಆ ಗುರಿಯನ್ನು ಮುಟ್ಟಿದ ಮೊದಲ ಎಸೆತಗಾರ ಅವನೇ. 1972ರ ಜುಲೈ 21ರಂದು ಲಾಸ್ ಏಂಜಲಿಸ್ ತಂಡ ಅವನನ್ನು ಬಿಡುಗಡೆ ಮಾಡಿತು. ಅವನ 50ನೆಯ ಹುಟ್ಟುಹಬ್ಬಕ್ಕೆ ಇನ್ನು ಐದೇ ದಿನ ಉಳಿದಿತ್ತು. ಒಟ್ಟು 1070 ಆಟ. ಅವುಗಳಲ್ಲಿ ಅವನು ಆರಂಭಿಸಿದ್ದು 52. ಗೆಲುವು 143, ಸೋಲು 122, ಸರಾಸರಿ 2.52. ಗೆಲುವುಗಳಲ್ಲಿ 120ಕ್ಕೂ ಮಿಕ್ಕವು ನೆರವಿಗೆ ಬಂದಾಗಿನವು. 1070ರ ಆ ದಾಖಲೆಯನ್ನು 1998ರಲ್ಲಿ ಡೆನ್ನಿಸ್ ಎಕರ್ಸ್‌ಲಿ ಒಂದು ಆಟದಿಂದ ದಾಟುವವರೆಗೆ ಯಾರೂ ಮುಟ್ಟಲಿಲ್ಲ.

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಊರಿನಲ್ಲಿ ‘ಹಾಲ್ ಆಫ್ ಫೇಮ್’, ಎಂದರೆ ಬೇಸ್‌ಬಾಲಿನ ಕೀರ್ತಿಮಂದಿರ, ಇದೆ. ಅಲ್ಲಿಗೆ ಸೇರಬೇಕಾದರೆ ಪತ್ರಕರ್ತರ ಮತಗಳಲ್ಲಿ ನೂರಕ್ಕೆ 75 ಬೇಕು. 1978ರಿಂದ ವಿಲ್ಹೆಲ್ಮನ ಹೆಸರು ಮತಪಟ್ಟಿಯಲ್ಲಿತ್ತು. ಏಳು ವರ್ಷ ಅವನಿಗೆ ಮತ ಸಾಲದೆ ಹೋಯಿತು. ಜೀವಮಾನವೆಲ್ಲ ದೊಡ್ಡಿಯಲ್ಲಿ ಕರೆಗಾಗಿ ಕಾದವನು ಇಲ್ಲಿಯೂ ಕಾದ. ಎಂಟನೆಯ ಸಲ, 1985ರಲ್ಲಿ, ಬಾಗಿಲು ತೆರೆಯಿತು. ನೆರವಿನ ಎಸೆತಗಾರನೊಬ್ಬ ಆ ಮಂದಿರದೊಳಕ್ಕೆ ಕಾಲಿಟ್ಟಿದ್ದು ಅದೇ ಮೊದಲು. ಅವನ ಹಿಂದೆ ಉಳಿದವರು ಒಬ್ಬೊಬ್ಬರಾಗಿ ಬಂದರು: 1992ರಲ್ಲಿ ರೋಲಿ ಫಿಂಗರ್ಸ್, 2004ರಲ್ಲಿ ಎಕರ್ಸ್‌ಲಿ, 2006ರಲ್ಲಿ ಬ್ರೂಸ್ ಸಟರ್. 2019ರಲ್ಲಿ ಯಾಂಕೀಸ್ ತಂಡದ ಮರಿಯಾನೊ ರಿವೇರಾ ಚುನಾಯಿತನಾದ. 652 ರಕ್ಷಣೆಗಳ ಒಡೆಯನಾದ ಅವನಿಗೆ ಮತ ಹಾಕಿದ ಪತ್ರಕರ್ತರೆಲ್ಲರೂ ಒಪ್ಪಿಗೆ ಕೊಟ್ಟರು. ಆ ಮಂದಿರದ ಚರಿತ್ರೆಯಲ್ಲಿ ಅಂಥ ಸರ್ವಾನುಮತ ಅದಕ್ಕೆ ಮುಂಚೆ ಯಾವ ಆಟಗಾರನಿಗೂ ದೊರೆತಿರಲಿಲ್ಲ. ಒಂದು ಕಾಲಕ್ಕೆ ಕೈಲಾಗದವರ ಬೆಂಚೆನಿಸಿದ್ದ ಜಾಗದಿಂದ ಎದ್ದುಬಂದವನಿಗೆ ಆ ಗೌರವ ಸಂದಿತು.

ವಿಲ್ಹೆಲ್ಮ್ ಅದನ್ನು ನೋಡಲು ಇರಲಿಲ್ಲ. ಆಟ ಬಿಟ್ಟ ಮೇಲೆ ಯಾಂಕೀಸ್ ಸಂಸ್ಥೆಯ ಕಿರಿಯ ತಂಡಗಳಲ್ಲಿ ಅವನು ಬಹುಕಾಲ ಎಳೆಯರಿಗೆ ಎಸೆತ ಕಲಿಸಿದ. 2002ರ ಆಗಸ್ಟ್ 23ರಂದು ಫ್ಲಾರಿಡಾ ರಾಜ್ಯದ ಸಾರಸೋಟಾದಲ್ಲಿ, 80ನೆಯ ವಯಸ್ಸಿನಲ್ಲಿ, ತೀರಿಕೊಂಡ.

ಎಣಿಕೆಗೆ ಅಂಕಣವಿಲ್ಲದಿದ್ದರೆ ಕೆಲಸ ನಡೆದಿಲ್ಲವೆಂದಲ್ಲ. ವಿಲ್ಹೆಲ್ಮ್ ಅಂಕಣಕ್ಕಾಗಿ ಎಸೆಯಲಿಲ್ಲ. ಅವನು ಎಸೆದುದರಿಂದ ಮತ್ತು ಅವನಂಥವರು ಎಸೆದುದರಿಂದ ಅಂಕಣವೇ ಹುಟ್ಟಿಕೊಂಡಿತು. ಆದರೆ ರೇ ಕ್ಯಾಟ್, ಗಸ್ ಟ್ರಯಾಂಡೋಸ್ ಮೊದಲಾದವರು ಎಷ್ಟು ಕಷ್ಟದ ಚೆಂಡುಗಳನ್ನು ಹಿಡಿದರು ಎಂಬುದಕ್ಕೆ ಹಳೆಯ ಪುಸ್ತಕದಲ್ಲಿ ಅಂಕಣವಿಲ್ಲ. ಎಷ್ಟು ಬಿಟ್ಟರು ಎಂಬುದಕ್ಕೆ ಮಾತ್ರ ಇದೆ. ಮುಂದೆ ಯಾವಾಗಲಾದರೂ ಓದುಗರು ಒಂದು ದೊಡ್ಡ ಕಾರ್ಯದ ಲೆಕ್ಕವನ್ನು ಓದುವಾಗ, ಅದು ಆಟವಿರಲಿ, ಅರಸನ ಶಾಸನವಿರಲಿ, ಮನೆಯ ಮದುವೆಯ ಖರ್ಚಿನ ಪುಸ್ತಕವೇ ಇರಲಿ, ಬರೆದ ಅಂಕಣಗಳ ಜೊತೆಗೆ ಬರೆಯದ ಅಂಕಣಗಳನ್ನೂ ಒಮ್ಮೆ ನೆನೆಯಲಿ.